ಆಣೆ ಹಾಕಿದ ಮೇಲೆ ಏನು ಮಾಡಬೇಕು: ಕುಡಿತ ಬಿಡುವುದಕ್ಕೆ, ಬಿಟ್ಟ ಮೇಲೆ ಹಾಗೇ ಉಳಿಯುವುದಕ್ಕೆ ಒಂದು ದಾರಿ

ಕುಡಿತ ಬಿಡಬೇಕು ಅನ್ನಿಸಿದ ದಿನ ನಮ್ಮ ಕೋಲಾರದ ಕಡೆ ಜನ ಮೊದಲು ಮಾಡುವುದು ಆಣೆ. ಮಗುವಿನ ತಲೆ ಮುಟ್ಟಿ ಆಣೆ, ಕೋಲಾರಮ್ಮನ ಮುಂದೆ ಕರ್ಪೂರ ಹಚ್ಚಿ ಆಣೆ, ಇಲ್ಲವೇ ಅಯ್ಯಪ್ಪನ ಮಾಲೆ. ಆ ಮನಸ್ಸು ನಿಜವಾದದ್ದೇ, ಅದರಲ್ಲಿ ಅನುಮಾನ ಬೇಡ. ಮಾಲೆ ಹಾಕಿದವರು 41 ದಿನ ಒಂದು ತೊಟ್ಟೂ ಮುಟ್ಟುವುದಿಲ್ಲ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ವಾರದಲ್ಲೇ ಎಷ್ಟೋ ಜನ ಮತ್ತೆ ಬಾರ್ ಮುಂದೆ ನಿಂತಿರುತ್ತಾರೆ. ಯಾಕೆ ಹೀಗೆ? ಆ 41 ದಿನ ಅವರ ಸುತ್ತ ಒಂದು ಏರ್ಪಾಡು ಇತ್ತು. ಏಳುವುದಕ್ಕೆ ಒಂದು ಹೊತ್ತು, ಊಟಕ್ಕೆ ಒಂದು ಹೊತ್ತು, ಸಂಜೆ ಭಜನೆ, ಕೇಳಿದರೆ ದಾರಿ ಹೇಳುವ ಗುರುಸ್ವಾಮಿ, "ಸ್ವಾಮಿ" ಅಂತ ಕರೆಯುವ ಊರಿನ ಜನ, ಗ್ಲಾಸು ಮುಂದೆ ಹಿಡಿಯದ ಗೆಳೆಯರು. ಮಾಲೆ ತೆಗೆದ ದಿನ ಅಷ್ಟೂ ಒಟ್ಟಿಗೆ ಹೋಯಿತು. ಆ ಏರ್ಪಾಡನ್ನು ವರ್ಷಪೂರ್ತಿ ಉಳಿಯುವ ಹಾಗೆ ಕಟ್ಟಿಕೊಳ್ಳುವುದು ಹೇಗೆ ಅನ್ನುವುದೇ ಇಲ್ಲಿರುವ ವಿಷಯ.

ಇದು ಕುಡಿಯುವವರಿಗೇ ಬರೆದದ್ದು. ಮನೆಯವರಿಗೆ ಅಂತ ಬೇರೆ ಒಂದು ಭಾಗ ಇದೆ. ನಮ್ಮಣ್ಣ ಕುಡಿತ ಬಿಟ್ಟದ್ದನ್ನು ಹತ್ತಿರದಿಂದ ನೋಡಿದ್ದೇನೆ, ಆಮೇಲೆ ಊರಿನ ಕೆಲವರ ಜೊತೆ ಆಸ್ಪತ್ರೆಗೂ ಓಡಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿಯ ವಿಷಯದಲ್ಲಿ ನಿಮ್ಮನ್ನು ನೋಡಿದ ಡಾಕ್ಟರ್ ಮಾತೇ ಕೊನೆ.

1. ಮೊದಲು ಲೆಕ್ಕ ಬರೆಯಿರಿ

"ಏನೋ ಸಂಜೆ ಸ್ವಲ್ಪ ಹಾಕ್ತೀನಿ" ಅನ್ನುವುದು ಲೆಕ್ಕ ಆಗುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ತಗೊಂಡು ಒಂದು ವಾರ ಬರೆದಿಡಿ. ಎಷ್ಟು ಹೊತ್ತಿಗೆ ಶುರು, ಯಾರ ಜೊತೆ, ಎಷ್ಟು ಎಂಎಲ್, ಎಷ್ಟು ದುಡ್ಡು.

ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಯ ಮೇಲೆ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್ ಅಂತ ಅಚ್ಚಾಗಿರುತ್ತದೆ. ಹಾಗಾದರೆ 180 ಎಂಎಲ್ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇದೆ, 90 ಎಂಎಲ್ ಪ್ಯಾಕೆಟ್‌ನಲ್ಲಿ 30 ಗ್ರಾಂ. ಡಾಕ್ಟರುಗಳು 10 ಗ್ರಾಂ ಅನ್ನು ಒಂದು ಡ್ರಿಂಕ್ ಅಂತ ಹಿಡಿಯುತ್ತಾರೆ, ಅಂದರೆ ದಿನಕ್ಕೊಂದು ಕ್ವಾರ್ಟರ್ ಕುಡಿಯುವವರು ದಿನಕ್ಕೆ ಆರು ಡ್ರಿಂಕ್ ಕುಡಿಯುತ್ತಿದ್ದಾರೆ. "ನಾನು ಬರೀ ಬಿಯರ್" ಅನ್ನುವವರೂ ಕೇಳಿ: ಶೇ 8ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ 40 ಗ್ರಾಂ ಇದೆ. ಎರಡು ಬಾಟಲಿ ಆದರೆ ಕ್ವಾರ್ಟರ್ ದಾಟಿತು. ಹೆಂಗಸರಿಗೆ ಇದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಲಿವರ್ ಕೆಡುತ್ತದೆ. ನಮ್ಮ ಕಡೆ ಹೆಂಗಸರು ಕುಡಿಯುವುದನ್ನು ಮನೆಯವರೇ ಮುಚ್ಚಿಡುವುದರಿಂದ ಅವರು ಆಸ್ಪತ್ರೆಗೆ ಬರುವುದು ತುಂಬಾ ತಡ.

ಡಾಕ್ಟರುಗಳು ಕೇಳುವ ನಾಲ್ಕು ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಅಂತ ನಿಮಗೇ ಅನ್ನಿಸಿದೆಯಾ? ಯಾರಾದರೂ ನಿಮ್ಮ ಕುಡಿತದ ಬಗ್ಗೆ ಮಾತೆತ್ತಿದರೆ ರೇಗುತ್ತದಾ? ಕುಡಿದದ್ದಕ್ಕೆ ಆಮೇಲೆ ಒಳಗೊಳಗೇ ತಪ್ಪಿತಸ್ಥ ಅನ್ನಿಸಿದೆಯಾ? ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಲಿ, ತಲೆ ನೆಟ್ಟಗಾಗಲಿ ಅಂತ ಕುಡಿದದ್ದಿದೆಯಾ? ಎರಡಕ್ಕೆ ಹೌದು ಅಂತ ಉತ್ತರ ಬಂದರೆ ಡಾಕ್ಟರ್ ಹತ್ತಿರ ಹೋಗುವ ಹೊತ್ತು ಬಂದಿದೆ. ನಾಲ್ಕನೆಯದಕ್ಕೆ ಹೌದು ಅಂದರೆ ಮುಂದಿನ ಭಾಗ ಓದದೆ ಏನೂ ಮಾಡಬೇಡಿ.

2. ದಿನಾ ಕುಡಿಯುವವರು ಮನೆಯಲ್ಲಿ ದಿಢೀರ್ ಅಂತ ನಿಲ್ಲಿಸಬೇಡಿ

ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ವರ್ಷಗಟ್ಟಲೆ ದಿನಾ ಕುಡಿದ ಮೈಗೆ ಆಲ್ಕೋಹಾಲ್ ಒಂದು ದಿನ ತಪ್ಪಿದರೆ ಮಿದುಳು ಒಮ್ಮೆಲೇ ಕೆರಳುತ್ತದೆ. ಕುಡಿತ ಮಿದುಳನ್ನು ಸದಾ ಮಂಕು ಮಾಡುತ್ತಿರುತ್ತದೆ, ಅದನ್ನು ಸರಿದೂಗಿಸಲು ಮಿದುಳು ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಮದ್ಯ ನಿಂತ ಮೇಲೂ ಆ ಏರಿಕೆ ಇಳಿಯಲು ಕೆಲವು ದಿನ ಬೇಕು. ಆ ದಿನಗಳೇ ಅಪಾಯ.

ಕೊನೆಯ ಗ್ಲಾಸು ಮುಗಿದ 6ರಿಂದ 24 ಗಂಟೆ ಒಳಗೆ ಕೈ ನಡುಕ, ಬೆವರು, ವಾಂತಿ, ಎದೆ ಬಡಿತ, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಮೊದಲ 48 ಗಂಟೆಯಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಇನ್ನೂ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಅನ್ನುವ ಸ್ಥಿತಿ ಬರುತ್ತದೆ. ಹಗಲು ರಾತ್ರಿ ತಿಳಿಯುವುದಿಲ್ಲ, ಮನೆಯವರ ಗುರುತು ಸಿಗುವುದಿಲ್ಲ, ಗೋಡೆ ಮೇಲೆ ಹುಳು ಹರಿದ ಹಾಗೆ ಕಾಣುತ್ತದೆ, ಯಾರೋ ಹೊಡೆಯಲು ಬರುತ್ತಿದ್ದಾರೆ ಅಂತ ಕಿರುಚುತ್ತಾರೆ. ಇದಕ್ಕೆ ಚಿಕಿತ್ಸೆ ಸಿಗದೆ ಹೋದರೆ ಸಾವೂ ಆಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಇದನ್ನು ನೋಡಿದವರು "ಗಾಳಿ ಸೋಕಿದೆ" ಅಂತ ತಾಯಿತ ಕಟ್ಟಿಸಲು ಕರೆದುಕೊಂಡು ಹೋಗುತ್ತಾರೆ. ಎರಡು ದಿನದ ಹಿಂದೆ ಕುಡಿತ ನಿಲ್ಲಿಸಿದವನು ಬಡಬಡಿಸುತ್ತಿದ್ದರೆ ಮೊದಲು 108ಕ್ಕೆ ಫೋನ್ ಮಾಡಿ. ದೇವರ ಹತ್ತಿರ ಆಮೇಲೆ ಹೋಗಬಹುದು. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ, ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಗೆ ಏಟಾಗದ ಹಾಗೆ ಏನಾದರೂ ಮೆತ್ತನೆಯದು ಇಡಿ, 108 ಬರುವವರೆಗೆ ಜೊತೆಗಿರಿ.

ಮಾಲೆ ಹಾಕುವ ಕಾಲದಲ್ಲಿ, ಶ್ರಾವಣ ಶುರುವಾದ ವಾರದಲ್ಲಿ ಹೀಗೆ ಆಗುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಆಗ ಜನ ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸುತ್ತಾರೆ. ಮಾಲೆ ಹಾಕಬೇಡಿ ಅನ್ನುತ್ತಿಲ್ಲ. ಹಾಕುವ ಹತ್ತು ಹದಿನೈದು ದಿನ ಮೊದಲೇ ಡಾಕ್ಟರನ್ನು ನೋಡಿ. ಅವರು ಲೋರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಥರದ ಮಾತ್ರೆಯನ್ನು ಕೆಲವು ದಿನ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಮೈ ತಿಳಿಯಾಗುವ ಈ ಹಂತ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ಮುಗಿಯುತ್ತದೆ. ಇದೇ ಮಾತ್ರೆಗಳನ್ನು ಮೆಡಿಕಲ್ ಶಾಪ್‌ನಲ್ಲಿ ನೀವಾಗಿಯೇ ತಂದು ಕುಡಿತದ ಜೊತೆ ನುಂಗಿದರೆ ಉಸಿರು ನಿಲ್ಲಬಹುದು. ಹಿಂದೆ ಫಿಟ್ಸ್ ಬಂದಿದ್ದವರು, ಕಾಮಾಲೆ ಇರುವವರು, ಹೊಟ್ಟೆ ಊದಿಕೊಂಡವರು, ರಕ್ತ ವಾಂತಿ ಮಾಡಿದವರು, ಬಸುರಿಯರು, ವಯಸ್ಸಾದವರು ಆಸ್ಪತ್ರೆಯಲ್ಲೇ ದಾಖಲಾಗಿ ಬಿಡಬೇಕು.

ಇನ್ನೊಂದು ವಿಷಯ ಊರಲ್ಲಿ ಯಾರೂ ಹೇಳುವುದಿಲ್ಲ. ಸುಸ್ತಾಗಿದೆ ಅಂತ ಹತ್ತಿರದ ಕ್ಲಿನಿಕ್‌ಗೆ ಹೋಗಿ "ಒಂದು ಗ್ಲೂಕೋಸ್ ಹಾಕಿ" ಅಂತ ಕೇಳುವುದು ನಮ್ಮ ರೂಢಿ. ದಿನಾ ಕುಡಿಯುವವರ ಮೈಯಲ್ಲಿ ಥಯಮಿನ್, ಅಂದರೆ ವಿಟಮಿನ್ ಬಿ1, ಬತ್ತಿಹೋಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತೂರಾಡುವುದು, ಕಣ್ಣುಗುಡ್ಡೆ ಅಲುಗುವುದು, ನೆನಪು ಹೋಗುವುದು, ಇವೆಲ್ಲ ಅದರ ಗುರುತು. ಆ ನೆನಪು ಎಷ್ಟೋ ಸಲ ವಾಪಸ್ ಬರುವುದಿಲ್ಲ. ಆದ್ದರಿಂದ ಯಾವ ಡಾಕ್ಟರ್ ಹತ್ತಿರ ಹೋದರೂ ಎಷ್ಟು ಕುಡಿಯುತ್ತೀರಿ, ಕೊನೆಗೆ ಕುಡಿದದ್ದು ಯಾವಾಗ ಅಂತ ಮುಚ್ಚಿಡದೆ ಹೇಳಿ. ಆ ನೋಟ್‌ಬುಕ್ ತೋರಿಸಿ.

3. ಎಲ್ಲಿಗೆ ಹೋಗಬೇಕು

ಮೊದಲ ಹೆಜ್ಜೆಗೆ ಬಸ್ ಚಾರ್ಜೂ ಬೇಡ. 14416 ಟೆಲಿ ಮಾನಸ್, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯಬೇಕು ಅನ್ನಿಸುತ್ತಿದ್ದರೂ ಇದೇ ನಂಬರಿಗೆ ಮಾಡಿ. ಮದ್ಯ, ಗಾಂಜಾ, ಮಾತ್ರೆ ಚಟಗಳಿಗೆಂದೇ ಇರುವ ಸಹಾಯವಾಣಿ 14446.

ನೇರವಾಗಿ ಹೋಗುವುದಾದರೆ ಜಿಲ್ಲಾ ಆಸ್ಪತ್ರೆ. ಕೋಲಾರದವರಿಗೆ ಎಸ್‌ಎನ್‌ಆರ್ ಆಸ್ಪತ್ರೆ, ತುಮಕೂರು, ಚಿಕ್ಕಬಳ್ಳಾಪುರದವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ. ಓಪಿಡಿ ಚೀಟಿ ಮಾಡಿಸುವಾಗ ಮಾನಸಿಕ ಆರೋಗ್ಯ ವಿಭಾಗ ಅಂತ ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತದೆ. ಮನೋಚೈತನ್ಯ ಅನ್ನುವ ಹೆಸರಲ್ಲಿ ಮಂಗಳವಾರದ ಕ್ಲಿನಿಕ್ ಇರುತ್ತದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು ಜೊತೆಗಿರಲಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಈ ವಿಭಾಗ ಇರುತ್ತದೆ. ಕೋಲಾರದ ಟಮಕದಲ್ಲಿ, ತುಮಕೂರಿನ ಅಗಳಕೋಟೆಯಲ್ಲಿ ಅಂಥ ಆಸ್ಪತ್ರೆಗಳಿವೆ.

ಕೇಸು ಕಷ್ಟದ್ದಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ನಮ್ಮ ಮೂರೂ ಜಿಲ್ಲಾ ಕೇಂದ್ರಗಳಿಂದ ಬೆಂಗಳೂರು ಹೆಚ್ಚುಕಡಿಮೆ 60–70 ಕಿಲೋಮೀಟರ್. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಸಂಜೆಗೆ ವಾಪಸ್ ಬರಬಹುದು.

ಹುಚ್ಚಾಸ್ಪತ್ರೆ ಅಂತಾರೆ ಜನ, ಯಾರಾದರೂ ನೋಡಿದರೆ ಏನು ಗತಿ ಅನ್ನುವ ಭಯ ಇರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದಾಗ ನೋಡಿದ ಜನವೇ ಅವರು. ಆಸ್ಪತ್ರೆಯ ಸಾಲಿನಲ್ಲಿ ನೋಡಿದರೆ ಮಾನ ಏನೂ ಹೋಗುವುದಿಲ್ಲ.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರವೂ ನಮ್ಮವರಿಗೆ ಒಗ್ಗುತ್ತದೆ. ಊರಿನವರೇ ಜೊತೆಗಿರುತ್ತಾರೆ, ಮನೆಯವರನ್ನೂ ಕರೆಸುತ್ತಾರೆ, ಮುಗಿದ ಮೇಲೆ ನವಜೀವನ ಸಮಿತಿ ಅಂತ ಮಾಡಿ ಒಬ್ಬರನ್ನೊಬ್ಬರು ಕಾಯುತ್ತಾರೆ. ಎಂಟು ದಿನಕ್ಕಿಂತ ಆ ಸಮಿತಿಯೇ ದೊಡ್ಡದು ಅಂತ ನನ್ನ ಅನಿಸಿಕೆ. ಬೆಳಿಗ್ಗೆಯೇ ಕುಡಿಯುವ ಹಂತಕ್ಕೆ ಹೋದವರು ಶಿಬಿರಕ್ಕೆ ಸೇರುವ ಮುಂಚೆ ಒಮ್ಮೆ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ.

4. ಖಾಸಗಿ ಕೇಂದ್ರಕ್ಕೆ ಸೇರುವುದಾದರೆ

"ಮದ್ಯ ಬಿಡಿಸಲಾಗುವುದು" ಅಂತ ಬೋರ್ಡ್ ಇರುವ ಕಡೆಯೆಲ್ಲ ಚಿಕಿತ್ಸೆ ಸಿಗುತ್ತದೆ ಅಂದುಕೊಳ್ಳಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಹಾಗಾಗಿ ಅಂಥ ರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರಕ್ಕೆ ನೋಂದಣಿ ಬೇಕು. ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಮನೆಯವರು ಯಾವಾಗ ಬಂದು ನೋಡಬಹುದು, ಇಷ್ಟನ್ನು ದುಡ್ಡು ಕಟ್ಟುವ ಮೊದಲು ಕೇಳಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಆ ಕಾಯ್ದೆ ನಿಷೇಧಿಸಿದೆ. ಹೊರಗಿನವರ ಜೊತೆ ಫೋನಿನಲ್ಲಿ ಮಾತಾಡುವ ಹಕ್ಕೂ ರೋಗಿಗೆ ಇದೆ. "ಮೂರು ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ, ನಾವು ನೋಡಿಕೊಳ್ತೀವಿ" ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ.

5. ಬಿಟ್ಟ ಮೇಲೆ ತೆಗೆದುಕೊಳ್ಳುವ ಮಾತ್ರೆ

ಮೈ ತಿಳಿಯಾದ ಮೇಲೆ ಆಸೆ ತಡೆಯಲು ಬೇರೆ ಮಾತ್ರೆಗಳಿವೆ. ನಾಲ್ಟ್ರೆಕ್ಸೋನ್ ಕುಡಿತದಿಂದ ಬರುವ ಖುಷಿಯನ್ನು ತಗ್ಗಿಸುತ್ತದೆ, ಅಕಾಂಪ್ರೋಸೇಟ್ ಬಿಟ್ಟ ಮೇಲಿನ ಚಡಪಡಿಕೆಯನ್ನು ಇಳಿಸುತ್ತದೆ. ಡೈಸಲ್ಫಿರಾಂ ಕೆಲಸ ಮಾಡುವ ರೀತಿಯೇ ಬೇರೆ. ಅದನ್ನು ನುಂಗಿ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ಆಲ್ಕೋಹಾಲ್ ಇರುವ ಕೆಮ್ಮಿನ ಟಾನಿಕ್ ಕೂಡ ಆಗ ಬೇಡ. ಯಾವುದು ಸರಿ ಅನ್ನುವುದು ಲಿವರ್, ಕಿಡ್ನಿ, ಹೃದಯ ನೋಡಿ ಡಾಕ್ಟರ್ ನಿರ್ಧಾರ ಮಾಡುತ್ತಾರೆ.

ಮಾತ್ರೆ ಹಿಡಿದವರು ಹೆಚ್ಚಾಗಿ ಮಾಡುವುದು ಒಂದೇ: "ಈಗ ಚೆನ್ನಾಗಿದ್ದೀನಿ" ಅಂತ ಎರಡನೇ ತಿಂಗಳಿಗೇ ಬಿಟ್ಟುಬಿಡುವುದು. ಡಾಕ್ಟರ್ ಹೇಳುವವರೆಗೆ ನಿಲ್ಲಿಸಬೇಡಿ, ಆರು ತಿಂಗಳೋ ವರ್ಷವೋ ಆಗಲಿ.

6. ಸಂಜೆ ಆರರಿಂದ ಒಂಬತ್ತು

ಇದೇ ಇಡೀ ವಿಷಯದ ಜೀವ. ಹಗಲು ಕೆಲಸದಲ್ಲಿ ಹೋಗುತ್ತದೆ. ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಹೊಟ್ಟೆ ಹಸಿದು, ಮೈ ನೋಯುತ್ತಿರುವಾಗ ಕಾಲು ತಾನಾಗಿಯೇ ಹಳೆಯ ದಾರಿ ಹಿಡಿಯುತ್ತದೆ. ಆ ಮೂರು ಗಂಟೆಗೆ ನಿಮ್ಮ ಹತ್ತಿರ ಬರೆದಿಟ್ಟ ಯೋಜನೆ ಇಲ್ಲದಿದ್ದರೆ ಆಣೆ, ಮಾತ್ರೆ, ಶಿಬಿರ ಎಲ್ಲವೂ ದುರ್ಬಲ ಆಗುತ್ತವೆ.

ದಾರಿ ಬದಲಾಯಿಸಿ. ಬಾರ್ ಇಲ್ಲದ ರಸ್ತೆ ಎರಡು ಕಿಲೋಮೀಟರ್ ಸುತ್ತಾದರೂ ಅದರಲ್ಲೇ ಹೋಗಿ. ಪ್ಯಾಕೆಟ್ ಮಾರುವ ಚಿಲ್ಲರೆ ಅಂಗಡಿಯಲ್ಲಿ ಬೀಡಿ, ಬೆಂಕಿಪೊಟ್ಟಣಕ್ಕೂ ನಿಲ್ಲಬೇಡಿ. ಅಂಗಡಿ ಮುಚ್ಚಿಸಲಿ ಆಮೇಲೆ ಬಿಡ್ತೀನಿ ಅನ್ನುವವರು ಒಂದು ವಿಷಯ ನೆನಪಿಸಿಕೊಳ್ಳಿ: 2007ರ ಜುಲೈ 1ಕ್ಕೆ ನಮ್ಮ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು, ಸಾರಾಯಿ ಕುಡಿಯುತ್ತಿದ್ದವರಲ್ಲಿ ಎಷ್ಟೋ ಜನ ಕಡಿಮೆ ಬೆಲೆಯ ವಿಸ್ಕಿ, ರಮ್ಮಿಗೆ ಹೊರಳಿದರು.

ಐದೂವರೆಗೆ ಹೊಟ್ಟೆ ತುಂಬಾ ಏನಾದರೂ ತಿನ್ನಿ. ಎರಡು ಬಾಳೆಹಣ್ಣು, ಬೇಯಿಸಿದ ಕಡಲೆಕಾಯಿ, ಮನೆಯಲ್ಲಿದ್ದರೆ ಒಂದು ಮುದ್ದೆಯನ್ನೇ ಮುರಿಯಿರಿ. ಹಸಿವನ್ನು ಕುಡಿತದ ಆಸೆ ಅಂತ ತಪ್ಪು ತಿಳಿಯುವುದು ತುಂಬಾ ಸಾಮಾನ್ಯ. ಮೊದಲ ತಿಂಗಳುಗಳಲ್ಲಿ ಸಿಹಿಯ ಆಸೆ ಜಾಸ್ತಿ ಆಗುತ್ತದೆ, ಬೆಲ್ಲದ ಚೂರು ಜೇಬಿನಲ್ಲಿರಲಿ, ಸಕ್ಕರೆ ಕಾಯಿಲೆ ಇರುವವರು ಮಾತ್ರ ಹುಷಾರು. ಆಸೆ ಬಂದಾಗ ನಾಲ್ಕು ವಿಷಯ ಕೇಳಿಕೊಳ್ಳಿ: ಹಸಿವಾ, ಕೋಪವಾ, ಒಂಟಿತನವಾ, ದಣಿವಾ? ನಾಲ್ಕರಲ್ಲಿ ಯಾವುದೋ ಒಂದು ಸಿಕ್ಕೇ ಸಿಗುತ್ತದೆ, ಅದಕ್ಕೆ ಮದ್ದು ಮಾಡಿ. ಎಷ್ಟೇ ಜೋರಾಗಿ ಬಂದ ಆಸೆಯೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಒಬ್ಬರೇ ಕೂರಬೇಡಿ.

ಆಮೇಲೆ ಕೆಲಸ. ನೀವು ಹೋಗದಿದ್ದರೆ ನಿಂತುಹೋಗುವಂಥ ಕೆಲಸ ಇರಬೇಕು, ಸುಮ್ನೆ ಟೈಂಪಾಸ್ ಸಾಲದು. ಹಸು ಇದ್ದರೆ ಸಂಜೆ ಹಾಲು ಕರೆದು ಡೈರಿಗೆ ಹಾಕುವುದನ್ನು ಹೆಂಡತಿ ಕೈಯಿಂದ ತಗೊಂಡು ನೀವೇ ಮಾಡಿ, ಡೈರಿ ಹೊತ್ತು ಯಾರಿಗೂ ಕಾಯುವುದಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಸಾಕುವ ಮನೆಯವರಾದರೆ ರಾತ್ರಿ ಹುಳುವಿಗೆ ಸೊಪ್ಪು ಹಾಕುವ ಪಾಳಿ ನಿಮ್ಮದಾಗಲಿ. ನಮ್ಮಣ್ಣ ಟೊಮ್ಯಾಟೊ ಮಂಡಿಯಲ್ಲಿ ಕೆಲಸ ಮಾಡುವವನು, ಬೆಳಗಿನ ಹರಾಜಿಗೆ ಬೇಗ ಏಳಬೇಕು ಅನ್ನುವುದನ್ನೇ ಹಿಡಿದುಕೊಂಡು ರಾತ್ರಿ ಎಂಟೂವರೆಗೆ ಮಲಗುವ ಅಭ್ಯಾಸ ಮಾಡಿಕೊಂಡ. ಪಟ್ಟಣದಲ್ಲಿ ಇರುವವರು ನಡೆಯಿರಿ. ತುಮಕೂರಿನವರಿಗೆ ಅಮಾನಿಕೆರೆ ಇದೆ. ಕೋಲಾರದವರಿಗೆ ಅಂತರಗಂಗೆ ಮೆಟ್ಟಿಲಿದೆ, ಅಲ್ಲಿಗೆ ಮಾತ್ರ ಕತ್ತಲಾಗುವ ಮೊದಲೇ ಹೋಗಿ ಬಂದುಬಿಡಿ. ಜೊತೆಗೆ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಮಕ್ಕಳ ಎದುರಿಗೆ ಹಳೆಯ ಗೆಳೆಯರು ಕರೆಯುವುದಿಲ್ಲ.

ನಿದ್ದೆ ಮೊದಲ ಕೆಲವು ವಾರ ಸರಿಯಾಗಿ ಬರುವುದಿಲ್ಲ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. "ಕುಡಿಯದಿದ್ದರೆ ನಿದ್ದೆ ಬರಲ್ಲ" ಅಂತ ವಾಪಸ್ ಹೋಗುವವರು ತುಂಬಾ ಜನ. ನಾಲ್ಕು ಗಂಟೆ ಮೇಲೆ ಟೀ, ಕಾಫಿ ಬಿಡಿ. ನಿದ್ದೆ ಬರಲಿ ಬಿಡಲಿ ಬೆಳಿಗ್ಗೆ ಅದೇ ಹೊತ್ತಿಗೆ ಏಳಿ. ಆಗದೇ ಹೋದರೆ ಡಾಕ್ಟರ್‌ಗೆ ಹೇಳಿ, ನಿದ್ದೆ ಮಾತ್ರೆ ನೀವಾಗಿ ತಗೋಬೇಡಿ. ಅದು ಇನ್ನೊಂದು ಚಟ ಆಗುತ್ತದೆ.

ಒಬ್ಬ ಮನುಷ್ಯ ಬೇಕು. ಆಸೆ ಬಂದಾಗ ಫೋನ್ ಮಾಡಿದರೆ ಬುದ್ಧಿ ಹೇಳದೆ ಕೇಳಿಸಿಕೊಳ್ಳುವವರು. ಕುಡಿತ ಬಿಟ್ಟವರೇ ಆದರೆ ಅದಕ್ಕಿಂತ ಬೇರೆ ಬೇಡ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುಮಾಡಿದ ಆಲ್ಕೋಹಾಲಿಕ್ಸ್ ಅನಾನಿಮಸ್ ನಿಂತಿರುವುದು ಇದರ ಮೇಲೆಯೇ. ಅಲ್ಲಿ ಫೀಸು ಇಲ್ಲ, ಹೆಸರು ಹೊರಗೆ ಹೋಗುವುದಿಲ್ಲ, ಕುಡಿತ ಬಿಡುವ ಆಸೆ ಇದ್ದರೆ ಸಾಕು. ಹತ್ತಿರದಲ್ಲಿ ಸಭೆ ಎಲ್ಲಿ ನಡೆಯುತ್ತದೆ ಅಂತ ಆಸ್ಪತ್ರೆಯ ಆಪ್ತಸಮಾಲೋಚಕರನ್ನು ಕೇಳಿ.

7. ದುಡ್ಡು ಕೈಗೆ ಬರುವ ದಿನ

ಶನಿವಾರದ ಬಟವಾಡೆ, ಗೂಡು ಮಾರಿದ ದಿನ, ಮಂಡಿಯ ಪಟ್ಟಿ ಕೈಗೆ ಬಂದ ದಿನ. ಟೊಮ್ಯಾಟೊಗೆ ಒಳ್ಳೆ ರೇಟು ಸಿಕ್ಕರೆ ಖುಷಿಗೆ, ಬಿದ್ದುಹೋದರೆ ಬೇಜಾರಿಗೆ. ಎರಡಕ್ಕೂ ಅದೇ ಜಾಗ. ಮೊದಲ ಆರು ತಿಂಗಳು ದೊಡ್ಡ ಮೊತ್ತ ನಿಮ್ಮ ಕೈಗೆ ಬರದ ಹಾಗೆ ನೋಡಿಕೊಳ್ಳಿ. ಹೆಂಡತಿಯ ಅಥವಾ ಅಮ್ಮನ ಖಾತೆಗೆ ಹೋಗಲಿ. ಮಾಲೀಕರಿಗೆ ನೀವೇ ಹೇಳಿ, "ಸ್ವಲ್ಪ ದಿನ ನನ್ನ ಕೂಲಿ ಮನೆಯವಳಿಗೆ ಕೊಟ್ಟುಬಿಡಿ ಅಣ್ಣ" ಅಂತ. ಈಗ ಬಾರ್‌ಗಳಲ್ಲೂ ಕ್ಯೂಆರ್ ಕೋಡ್ ಇರುವುದರಿಂದ ಜೇಬಿನಲ್ಲಿ ನೋಟಿಲ್ಲದಿದ್ದರೂ ಫೋನಿನಲ್ಲಿ ದುಡ್ಡಿರುತ್ತದೆ, ಆದ್ದರಿಂದ ಫೋನಿನ ಖಾತೆಯಲ್ಲಿ ಬಸ್ಸಿಗೆ, ಟೀಗೆ ಆಗುವಷ್ಟು ಮಾತ್ರ ಇಡಿ.

ದಿನಕ್ಕೆ 150 ರೂಪಾಯಿ ಕುಡಿತಕ್ಕೆ ಹೋಗುತ್ತಿದ್ದರೆ ವರ್ಷಕ್ಕೆ 54,750 ರೂಪಾಯಿ. ಅದರಲ್ಲಿ ಒಂದು ಭಾಗ ಅಂಚೆ ಕಚೇರಿ ಆರ್‌ಡಿಗೆ ಹಾಕಿ, ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ಉಳಿದದ್ದು ಮೊದಲು ಸಾಲಕ್ಕೆ. ಬಾರಿನಲ್ಲಿ ಬಾಕಿ ಇದ್ದರೆ ನೀವು ಕೊಡಲು ಹೋಗಬೇಡಿ, ಮನೆಯ ಬೇರೆ ಯಾರಾದರೂ ಹೋಗಿ ಒಂದೇ ಸಲ ತೀರಿಸಿ ಬರಲಿ. ಬಾಕಿ ಕೊಡಲು ಹೋದವರು ಅಲ್ಲೇ ಕೂರುತ್ತಾರೆ.

8. ಹೊಸತೊಡಕು, ಬೀಗರೂಟ, ತಿಥಿ

ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ನಮ್ಮ ಕಡೆ ಬಾಡಿನ ಜೊತೆ ಎಣ್ಣೆ ಇಲ್ಲದ ಮನೆ ಹುಡುಕಬೇಕು. ಬಿಟ್ಟ ಮೊದಲ ವರ್ಷ ಆ ದಿನ ಊರಲ್ಲಿ ಇರಬೇಡಿ. ಅಕ್ಕನ ಮನೆಗೋ, ಕೈವಾರಕ್ಕೋ, ಸಿದ್ಧಗಂಗೆಗೋ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಮರಿ ಕಡಿಯುವ ಕೆಲಸ, ಪಾಲು ಹಾಕುವ ಕೆಲಸ ಈ ಸಲ ಬೇರೆಯವರು ಮಾಡಲಿ. ಊರಹಬ್ಬ, ಗಣೇಶನ ಮೆರವಣಿಗೆ, ಪಂಚಾಯಿತಿ ಎಲೆಕ್ಷನ್ ಕೂಡ ಇದೇ ಪಟ್ಟಿಗೆ ಸೇರುತ್ತವೆ. ಎಲೆಕ್ಷನ್‌ನಲ್ಲಿ ಪುಕ್ಕಟೆ ಸಿಗುವುದರಿಂದ ದುಡ್ಡಿನ ಕಟ್ಟುಪಾಡು ಕೆಲಸಕ್ಕೆ ಬರುವುದಿಲ್ಲ.

ಬೀಗರೂಟಕ್ಕೆ ಹೋಗಲೇಬೇಕಾದರೆ ಮೊದಲ ಪಂಕ್ತಿಯಲ್ಲಿ ಹೆಂಡತಿ ಮಕ್ಕಳ ಜೊತೆ ಊಟ ಮಾಡಿ, ಮುಯ್ಯಿ ಕೊಟ್ಟು, ಹೊರಟುಬಿಡಿ. ಹಿತ್ತಲ ಕಡೆ ಹೋಗಬೇಡಿ. ತಿಥಿಯದ್ದು ಇನ್ನೂ ಕಷ್ಟ, ಅಲ್ಲಿ ದುಃಖ ಇರುತ್ತದೆ, ಜೊತೆಗೆ ಕುಡಿದವರ ನೆನಪಿರುತ್ತದೆ.

ಕರೆಯುವವರಿಗೆ ಉತ್ತರ ಮೊದಲೇ ಸಿದ್ಧವಾಗಿರಲಿ. "ಒಕ್ಕ ನೈಂಟಿಕಿ ಏಮೌತುಂದಿರಾ" (ಒಂದು ನೈಂಟಿಗೆ ಏನಾಗುತ್ತದೋ) ಅಂತ ತೆಲುಗಲ್ಲಿ ಹೆಗಲ ಮೇಲೆ ಕೈ ಹಾಕುವ ಮಾವಂದಿರು ನಮ್ಮ ಕಡೆ ಎಲ್ಲ ಊರಲ್ಲೂ ಇದ್ದಾರೆ. ಅವರಿಗೆ ಉದ್ದ ಕಥೆ ಹೇಳಬೇಡಿ. "ಬೇಡ ಮಾವ, ಬಿಟ್ಟಿದ್ದೀನಿ." ಮತ್ತೆ ಕೇಳಿದರೆ ಮತ್ತೆ ಅದೇ ಮಾತು. ಮೂರನೇ ಸಲ ಕೇಳಿದರೆ ಎದ್ದು ಹೊರಡಿ. ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ ಅಂದರೆ ತುಂಬಾ ಜನ ಸುಮ್ಮನಾಗುತ್ತಾರೆ, ಅದನ್ನೂ ಬಳಸಿ. ಬರೀ ಕುಡಿಯಲು ಜೊತೆಯಾಗಿದ್ದವರು ದೂರ ಹೋಗುತ್ತಾರೆ. ನೋವಾಗುತ್ತದೆ, ಹೋಗಲಿ ಬಿಡಿ.

9. ಮನೆಯವರಿಗೆ

ಅಕ್ಕಾ, ಅಮ್ಮಾ, ಮೊದಲಿಗೆ ಒಂದು ಮಾತು: ಅವರು ಕುಡಿಯುವುದು ನಿಮ್ಮಿಂದ ಅಲ್ಲ. ಅತ್ತೆ ಮನೆಯವರು ಏನೇ ಅಂದರೂ ಇದು ನಿಜ.

"ಗೊತ್ತಿಲ್ಲದ ಹಾಗೆ ಸಾರಿನಲ್ಲಿ ಬೆರೆಸಿ ಕುಡಿತ ಬಿಡಿಸಿ" ಅಂತ ಬಸ್ಸಿನಲ್ಲಿ, ಗೋಡೆ ಮೇಲೆ ಅಂಟಿಸುವ ಪುಡಿಗಳನ್ನು ದಯವಿಟ್ಟು ತರಬೇಡಿ. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಂ ಥರದ್ದೇನಾದರೂ ಇದ್ದು ಆ ರಾತ್ರಿ ಅವರು ಕುಡಿದರೆ ಜೀವಕ್ಕೇ ಅಪಾಯ. ಡಾಕ್ಟರುಗಳೂ ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡಬೇಕು.

ಕುಡಿದು ಬಂದ ರಾತ್ರಿ ಜಗಳ ಬೇಡ, ಏನು ಹೇಳಿದರೂ ಬೆಳಿಗ್ಗೆಗೆ ನೆನಪಿರುವುದಿಲ್ಲ. ಬೆಳಿಗ್ಗೆ, ತಲೆ ತಿಳಿಯಾಗಿರುವಾಗ, ಮಕ್ಕಳಿಲ್ಲದ ಹೊತ್ತಲ್ಲಿ ಹೇಳಿ. "ನೀನು ಕುಡುಕ" ಅನ್ನುವುದಕ್ಕಿಂತ "ನಿನ್ನೆ ರಾತ್ರಿ ಮಗು ಹೆದರಿ ಪಕ್ಕದ ಮನೆಗೆ ಓಡಿತು" ಅಂತ ನಡೆದದ್ದನ್ನು ಹೇಳಿದರೆ ಒಳಗೆ ಇಳಿಯುತ್ತದೆ. ಅವರ ಪರವಾಗಿ ಕೆಲಸದ ಕಡೆ ಸುಳ್ಳು ಹೇಳುವುದನ್ನು ನಿಲ್ಲಿಸಿ. ಕೈ ಎತ್ತಿದರೆ 112, ಹೆಂಗಸರ ಸಹಾಯವಾಣಿ 181. ಕುಡಿದು ಹೊಡೆದ ಅನ್ನುವುದು ಹೊಡೆದದ್ದಕ್ಕೆ ವಿನಾಯಿತಿ ಆಗುವುದಿಲ್ಲ.

ಅವರು ಬಿಟ್ಟ ಮೇಲೆ ನಿಮ್ಮ ಕೋಪ ಎಲ್ಲ ಒಮ್ಮೆಲೇ ಹೊರಗೆ ಬರುತ್ತದೆ. ಇಷ್ಟು ವರ್ಷ ನುಂಗಿಕೊಂಡದ್ದು ಅದು, ಸಹಜ. ಅವರ ಬಾಯಿ ವಾಸನೆ ನೋಡುವುದು, ಜೇಬು ತಡಕುವುದು ದಿನಾ ಬೇಡ. ಡಾಕ್ಟರ್ ಭೇಟಿಗೆ ಜೊತೆಗೆ ಹೋಗಿ, ಅಲ್ಲೇ ಕೇಳಿ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಅನ್ನುವ ಗುಂಪುಗಳಿವೆ, 14416ರಲ್ಲಿ ನಿಮ್ಮ ಸಂಕಟವನ್ನೂ ಕೇಳುತ್ತಾರೆ. ನಂಬಿಕೆ ವಾಪಸ್ ಬರಲು ಅವರು ಬಿಟ್ಟದ್ದಕ್ಕಿಂತ ಜಾಸ್ತಿ ಕಾಲ ಬೇಕು ಅನ್ನುವುದನ್ನು ಬಿಟ್ಟವರೂ ಒಪ್ಪಿಕೊಳ್ಳಬೇಕು.

10. ಜಾರಿದರೆ

ತುಂಬಾ ಜನ ಒಮ್ಮೆಯಾದರೂ ಜಾರುತ್ತಾರೆ. ಆ ಒಂದು ಗ್ಲಾಸಿಗಿಂತ ಆಮೇಲೆ ಬರುವ "ಹೋಯ್ತು ಬಿಡು, ಇನ್ನೇನು" ಅನ್ನುವ ಯೋಚನೆ ಹೆಚ್ಚು ಹಾಳು ಮಾಡುತ್ತದೆ. ಆರು ತಿಂಗಳು ಕುಡಿಯದೆ ಇದ್ದದ್ದು ಒಂದು ರಾತ್ರಿಯಲ್ಲಿ ಅಳಿಸಿಹೋಗುವುದಿಲ್ಲ. ಕೊಬ್ಬು ತುಂಬಿದ ಲಿವರ್ ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಸುಧಾರಿಸಲು ಶುರು ಮಾಡುತ್ತದೆ. ಅಷ್ಟು ದಿನ ನಿಮ್ಮ ಮೈ ನಿಜವಾಗಿಯೂ ರಿಪೇರಿ ಆಗಿದೆ.

ಆದದ್ದು ಗೊತ್ತಾದ ಕ್ಷಣ ಅಲ್ಲಿಂದ ಎದ್ದು ಬನ್ನಿ, ಬಾಟಲಿ ಅರ್ಧ ಉಳಿದಿದ್ದರೂ ಪರವಾಗಿಲ್ಲ. ಆ ರಾತ್ರಿ ಗಾಡಿ ಓಡಿಸಬೇಡಿ. ಡೈಸಲ್ಫಿರಾಂ ತಗೊಳ್ಳುತ್ತಿದ್ದು ಕುಡಿದಿದ್ದರೆ ಮನೆಗೆ ಹೋಗದೆ ಸೀದಾ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಎದ್ದು ಮುಚ್ಚಿಡದೆ ಒಬ್ಬರಿಗೆ ಹೇಳಿ. ಹಿಂದಿನ ದಿನ ಏನೇನಾಯಿತು ಅಂತ ಮಧ್ಯಾಹ್ನದಿಂದ ಬರೆಯಿರಿ: ಊಟ ಬಿಟ್ಟಿದ್ದಿರಾ, ಯಾರ ಜೊತೆ ಜಗಳ, ಯಾವ ರಸ್ತೆ, ಜೇಬಿನಲ್ಲಿ ಎಷ್ಟಿತ್ತು. ಜಾರಿದ್ದು ಎಂಟು ಗಂಟೆಗೆ ಅನ್ನಿಸಿದರೂ ಅದರ ಶುರು ಮೂರು ಗಂಟೆಗೇ ಇರುತ್ತದೆ. ಸಿಕ್ಕಿದ ತೂತು ಮುಚ್ಚಿ.

ಮೂರು ನಾಲ್ಕು ದಿನ ಬಿಡದೆ ಕುಡಿದಿದ್ದರೆ ಮಾತ್ರ ಮತ್ತೆ ಮನೆಯಲ್ಲಿ ದಿಢೀರ್ ಅಂತ ನಿಲ್ಲಿಸಬೇಡಿ. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದ ಹಾಗೆಲ್ಲ ಫಿಟ್ಸ್ ಬರುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಹಿಂದಿನ ಸಲ ಏನೂ ಆಗಲಿಲ್ಲ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಹಳೆಯ ಚೀಟಿ ಹಿಡಿದುಕೊಂಡು ಅದೇ ಡಾಕ್ಟರ್ ಹತ್ತಿರ ಹೋಗಿ, ಯಾವ ದಿನದಿಂದ ಶುರುವಾಯಿತು, ದಿನಕ್ಕೆ ಎಷ್ಟು, ಕೊನೆಯ ಗ್ಲಾಸು ಎಷ್ಟು ಗಂಟೆಗೆ ಅಂತ ಹೇಳಿ. ಜೊತೆಗೆ ಮನೆಯ ಒಬ್ಬರು ಇರಲಿ.